ಟ್ರ್ಯಾಕ್‌ಗೆ ಹೋಗುವ ಮುಂಚೆ ಬ್ರೇಕ್ ಆಯಿಲ್ ಬದಲಾವಣೆ ಕಡ್ಡಾಯ: ನಮ್ಮ ಗ್ರಾಹಕರಿಗೆ ಪತ್ರ

ನಮಸ್ಕಾರ.

ಮುಂದಿನ ತಿಂಗಳಿಂದ, ರೇಸ್ ಟ್ರ್ಯಾಕ್‌ಗೆ ಹೊರಟ ಯಾವ ಕಾರನ್ನೂ ಬ್ರೇಕ್ ಆಯಿಲ್ ಬದಲಿಸದೆ, ಬ್ರೇಕ್ ಪ್ಯಾಡ್ ಬಿಚ್ಚಿ ನೋಡದೆ ನಾವು ಕಳಿಸುವುದಿಲ್ಲ. ಫೋಕ್ಸ್‌ವ್ಯಾಗನ್ ಪೋಲೊ ಇರಲಿ, ಪೋರ್ಷೆ ಕೇಮನ್ ಇರಲಿ, ನಿಯಮ ಒಂದೇ. ತಯಾರಿಯ ದರ ಆಯಿಲ್ ಸೇರಿ 6,500 ರೂಪಾಯಿ ಇದ್ದದ್ದು 9,000 ರೂಪಾಯಿಗೆ ಏರುತ್ತದೆ. ಈಗಾಗಲೇ ಬುಕ್ ಮಾಡಿದವರಿಗೆ ಹಳೇ ದರವೇ. ಸೀಸನ್ ನಡುವೆ ಇದನ್ನು ಹೇಳಬೇಕಾಗಿ ಬಂದದ್ದಕ್ಕೆ ಕ್ಷಮೆ ಇರಲಿ.

“ಆರು ತಿಂಗಳ ಹಿಂದೆ ತಾನೇ ಹಾಕಿಸಿದ್ದು. ಕಂಪನಿಯವರೇ ಎರಡು ವರ್ಷ ಅಂತಾರೆ. ನೀವ್ಯಾಕೆ ಸುಮ್ನೆ ಬಿಲ್ ಏರಿಸ್ತೀರಿ?” ಈ ಮಾತು ಕೇಳಿ ಕೇಳಿ ಬೇಜಾರಾಗಿದೆ. ಎರಡು ವರ್ಷದ ಲೆಕ್ಕ ಊರೊಳಗೆ ಓಡುವ ಕಾರಿಗೆ ಸರಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಎಷ್ಟು ಸಲ ಬ್ರೇಕ್ ಒತ್ತಿದರೂ ಆಯಿಲ್ ಕುದಿಯುವಷ್ಟು ಕಾಯುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನಲ್ಲಿ ಹಾಗಲ್ಲ. 3.7 ಕಿಲೋಮೀಟರ್ ಟ್ರ್ಯಾಕ್, ಆ ಊರಿನ ಸೆಕೆ, ಬ್ರೇಕ್ ಡಿಸ್ಕ್ ಆರುವ ಮೊದಲೇ ಮುಂದಿನ ತಿರುವು. ಬ್ರೇಕ್ ಆಯಿಲ್ ಗಾಳಿಯಿಂದ ತೇವ ಹೀರುತ್ತಲೇ ಇರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯದೆ ತಡೆಯಬೇಕು. ನೀರು ಸೇರಿದ ಮೇಲೆ ಅದೇ ಮಾನದಂಡ 155ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನೊಳಗೆ ಆವಿ ತುಂಬುತ್ತದೆ. ನೀವು ಒತ್ತಿದ ಬಲವೆಲ್ಲ ಆ ಆವಿಯನ್ನು ಅದುಮುವುದಕ್ಕೇ ಹೋಗುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಬೆಂಗಳೂರಿನಿಂದ ಅಲ್ಲಿಗೆ ಓಡಿಸಿಕೊಂಡು ಹೋಗುವಾಗ ಇದು ಗೊತ್ತೇ ಆಗುವುದಿಲ್ಲ, ಪೆಡಲ್ ಗಟ್ಟಿಯಾಗೇ ಇರುತ್ತದೆ. ನಮಗೆ ಭಯ ಇರುವುದು ಅಲ್ಲೇ.

ನಾವು ಹಾಕುವುದು ಹೊಸದರಲ್ಲಿ 300 ಡಿಗ್ರಿ ದಾಟುವ ರೇಸಿಂಗ್ ಆಯಿಲ್. ಬಾಟಲಿ ಒಮ್ಮೆ ತೆರೆದರೆ ಅದೂ ತೇವ ಹೀರುತ್ತದೆ. ಹಾಗಾಗಿ ಉಳಿದದ್ದನ್ನು ಇನ್ನೊಬ್ಬರ ಕಾರಿಗೆ ಹಾಕುವುದಿಲ್ಲ, ಬಿಸಾಡುತ್ತೇವೆ. ಆ ಖರ್ಚೂ ದರದಲ್ಲಿ ಸೇರಿದೆ.

ಜಿಎಸ್‌ಟಿ ಇಳಿದರೂ ನೀವು ಇಳಿಸಲಿಲ್ಲ ಎನ್ನುವವರೂ ಇದ್ದಾರೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ. 28ರಿಂದ 18ಕ್ಕೆ ಬಂತು, ನಿಜ. ಪ್ಯಾಡ್, ಡಿಸ್ಕ್ ಬಿಲ್‌ನಲ್ಲಿ ಅಂದಿನಿಂದಲೇ ಇಳಿಸಿದ್ದೇವೆ, ಹಳೇ ಬಿಲ್ ತೆಗೆದು ನೋಡಿ. ಆದರೆ ಕೂಲಿಗೆ ಆಗಲೂ ಶೇ. 18, ಈಗಲೂ 18. ಹೊರದೇಶದ ಪ್ಯಾಡ್‌ಗೆ ಕಸ್ಟಮ್ಸ್ ಸುಂಕ, ಸಾಗಣೆ ಬೇರೆ. ಅದು ನಮ್ಮ ಕೈಯಲ್ಲಿಲ್ಲ ಅಲ್ವಾ?

ಟ್ರ್ಯಾಕ್ ಪ್ಯಾಡ್ ಊರಲ್ಲಿ ಕಿರುಗುಟ್ಟುತ್ತದೆ, ಅದು ದೋಷವಲ್ಲ. ಕಾದ ಮೇಲೆ ಚೆನ್ನಾಗಿ ಹಿಡಿಯುವಂತೆ ಮಾಡಿದ ಪ್ಯಾಡ್ ಅದು.

ಉಳಿದ ಕೆಲಸ ಎಂದಿನಂತೆಯೇ. ನಮ್ಮಲ್ಲಿ ವೀಲ್ ಬೋಲ್ಟ್‌ನ ಕೊನೇ ಬಿಗಿ ಇವತ್ತಿಗೂ ಕೈಯಲ್ಲೇ, ಎಷ್ಟು ಬಿಗಿ ಎಂದು ಅಳೆಯುವ ಟಾರ್ಕ್ ರೆಂಚ್‌ನಲ್ಲೇ. ಬೋಲ್ಟ್ ಬಿಗಿಯುವ ಗನ್ ಹಿಡಿದು ಬೇಗ ಮುಗಿಸುವ ಗ್ಯಾರೇಜ್ ನಮ್ಮದಲ್ಲ. ಆಯಿಲ್ ಬಾಟಲಿಯ ಸೀಲ್ ನಿಮ್ಮೆದುರೇ ಒಡೆಯುತ್ತೇವೆ, ತೆಗೆದ ಹಳೇದನ್ನೂ ತೋರಿಸುತ್ತೇವೆ. ಬಂದು ಪಕ್ಕದಲ್ಲೇ ನಿಂತು ನೋಡಿ, ಏನು ಬೇಕಾದರೂ ಕೇಳಿ.

ಟ್ರ್ಯಾಕ್ ಶನಿವಾರ ಇದ್ದರೆ ಕಾರು ಮಂಗಳವಾರದೊಳಗೆ ನಮ್ಮಲ್ಲಿರಲಿ. ಡಿಸ್ಕ್ ಬದಲಿಸಬೇಕಾಗಿ ಬಂದರೆ ತರಿಸಲು ಅಷ್ಟು ಸಮಯ ಬೇಕು.

ನಿಮ್ಮ ಗ್ಯಾರೇಜಿನವರು