ಬಸಣ್ಣನಿಗೂ ಬಿಲ್ ಹಾಕಲು ಕಲಿಸು

ಚಿ. ಮಂಜುಗೆ ದೊಡ್ಡಪ್ಪನ ಆಶೀರ್ವಾದಗಳು.

ನಮ್ಮ ಹಾರ್ಡ್‌ವೇರ್ ಅಂಗಡಿಗೆ ಕಂಪ್ಯೂಟರ್, ಬಿಲ್ಲು-ಲೆಕ್ಕದ ಟ್ಯಾಲಿ ಸಾಫ್ಟ್‌ವೇರ್ ಎಲ್ಲ ಹಾಕಿಸಿದ್ದೀಯ ಅಂತ ನಿಮ್ಮಪ್ಪ ಫೋನಲ್ಲಿ ಹೇಳಿದ. ಒಳ್ಳೆಯದಾಯ್ತು. ಆದರೆ ಅದನ್ನು ಮುಟ್ಟುವುದು ನೀನೊಬ್ಬನೇ ಅಂತೆ. ನೀನು ಮಾಲು ತರಲು ದಾವಣಗೆರೆಗೆ ಹೋದ ದಿನ ಗಿರಾಕಿಗೆ ಬಿಳಿ ಚೀಟಿಯೇ ಗತಿಯಂತೆ. ಇದು ಸರಿಯಲ್ಲ ಕಣೋ.

ಅಂಗಡಿಯಲ್ಲಿ ಕೆಲಸ ಮಾಡುವ ಬಸಣ್ಣನ ತಲೆಗೆ ಇದೆಲ್ಲ ಹತ್ತಲ್ಲ ಅಂದೆಯಂತೆ. ಯಾವ ನಟ್ಟು ಯಾವ ಡಬ್ಬಿಯಲ್ಲಿದೆ ಅಂತ ಕರೆಂಟ್ ಹೋದಾಗಲೂ ಹುಡುಕಿ ಕೊಡುವ ಮನುಷ್ಯ ಅವನು. ದಿನಾ ರಾತ್ರಿ ಮೊಮ್ಮಗಳ ಜೊತೆ ವಿಡಿಯೋ ಕಾಲ್ ಮಾಡುತ್ತಾನೆ. ಗಿರಾಕಿ ಎದುರು ತಪ್ಪಾದರೆ ನೀನು ಬೈಯುತ್ತೀಯ ಅಂತ ಹೆದರಿಕೆ, ಅಷ್ಟೇ. ಮಧ್ಯಾಹ್ನ ವ್ಯಾಪಾರ ಕಮ್ಮಿ ಇರುವಾಗ ಅವನನ್ನು ಆ ಕುರ್ಚಿಯಲ್ಲಿ ಕೂರಿಸು. ಮೌಸ್ ಅವನ ಕೈಯಲ್ಲೇ ಇರಲಿ, ನೀನು ಕಿತ್ಕೋಬೇಡ. ಪೈಪಿನ ತಿರುವಿಗೆ ಹಾಕುವ ತುಂಡಿಗೆ ಕಂಪ್ಯೂಟರಲ್ಲಿ ‘20 ಎಂಎಂ ಎಲ್ಬೋ’ ಅಂತಿದೆ. ಅವನಿಗೆ ಅದು ಮುಕ್ಕಾಲಿಂಚು. ಟ್ಯಾಲಿಯಲ್ಲಿ ಮಾಲಿಗೆ ಇನ್ನೊಂದು ಹೆಸರು ಬರೆಯಲು ಅಲಿಯಾಸ್ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಹುಡುಗರು ಕರೆಯುವ ಹೆಸರನ್ನೇ ಹಾಕಿಬಿಡು. ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಗಿರಾಕಿಯ ಜಿಎಸ್‌ಟಿ ನಂಬರ್ ವಿಷಯ ಮಾತ್ರ ಎಲ್ಲರಿಗೂ ಬಿಡಿಸಿ ಹೇಳು. ಅಕ್ಷರ, ಅಂಕಿ ಸೇರಿ 15. ನಮ್ಮ ರಾಜ್ಯದ್ದಾದರೆ 29ರಿಂದ ಶುರು. ಬಿಲ್ಲಿನಲ್ಲಿ ಒಂದು ಅಂಕಿ ತಪ್ಪಿ, 11ನೇ ತಾರೀಕು ನೀನು ಜಿಎಸ್‌ಟಿ ರಿಟರ್ನ್‌ನಲ್ಲೂ ಅದನ್ನೇ ತುಂಬಿದರೆ ಮಾಲು ಕೊಂಡ ಕಾಂಟ್ರಾಕ್ಟರ್‌ಗೆ ತೆರಿಗೆ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ನಮಗೆ ಕೊಟ್ಟ ತೆರಿಗೆಯನ್ನು ಅವನು ತನ್ನ ತೆರಿಗೆಯಲ್ಲಿ ಕಳೆದುಕೊಳ್ಳಲು ಆಗುವುದಿಲ್ಲ. ಅವನು ಜಗಳಕ್ಕೂ ಬರುವುದಿಲ್ಲ. ಸುಮ್ನೆ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಇನ್ನು ಯುಪಿಐ. ಗಿರಾಕಿ ತನ್ನ ಮೊಬೈಲ್ ತೋರಿಸಿ ‘ಹಾಕಿದೀನಿ’ ಅಂದರೆ ಸಾಲದು. ನಮ್ಮ ಫೋನಲ್ಲಿ ದುಡ್ಡು ಬಂದಿರಬೇಕು. ದುಡ್ಡು ಪಡೆಯಲು ಪಿನ್ ಒತ್ತುವ ಮಾತೇ ಇಲ್ಲ ಅಂತ ಚಿಕ್ಕ ಹುಡುಗನಿಗೂ ಗೊತ್ತಿರಲಿ. ಮೋಸ ಆಯಿತು ಅನಿಸಿದರೆ ತಕ್ಷಣ ಸೈಬರ್ ವಂಚನೆ ದೂರಿನ ನಂಬರ್ 1930ಕ್ಕೆ ಫೋನ್ ಮಾಡಲಿ. 2025ರಲ್ಲಿ ಯುಪಿಐ ಲೆಕ್ಕ ನೋಡಿ ತೆರಿಗೆ ನೋಟಿಸ್ ಬಂತು ಅಂತ ಬೆಂಗಳೂರಲ್ಲಿ ಕೆಲವರು ಕ್ಯೂಆರ್ ಕೋಡನ್ನೇ ಕಿತ್ತು ಹಾಕಿದರು. ನಗದು ತಗೊಂಡರೆ ಅದೇನು ವ್ಯಾಪಾರ ಅಲ್ವಾ, ತೆರಿಗೆ ಲೆಕ್ಕಕ್ಕೆ ಬರಲ್ವಾ?

ಕಲಿಸಿದರೆ ಬೇರೆ ಅಂಗಡಿಗೆ ಹೋಗುತ್ತಾರೆ ಅನ್ನುವ ಭಯ ನಿನಗಿರಬಹುದು. ಬಿಲ್ ಹಾಕಲು ಕಲಿತವನಿಗೆ ಸಂಬಳ ಸ್ವಲ್ಪ ಜಾಸ್ತಿ ಮಾಡು. ಒಬ್ಬೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್ ಕೊಡು. ಬಿಟ್ಟು ಹೋದವನದ್ದನ್ನು ಅವತ್ತೇ ತೆಗೆದುಬಿಡು.

ದೀಪಾವಳಿ ಗದ್ದಲಕ್ಕೆ ಮುಂಚೆಯೇ ಶುರು ಮಾಡು. ಮೊದಲು ಸ್ವಲ್ಪ ದಿನ ಬಿಲ್ ನಿಧಾನ ಆಗುತ್ತದೆ, ನಿಮ್ಮಪ್ಪ ಗೊಣಗುತ್ತಾನೆ. ಅವನಿಗೆ ನಾನು ಹೇಳಿಕೊಳ್ಳುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ