ಸಗಣಿ ಗುಂಡಿಗೂ ತೆರಿಗೆ ಯಾಕೆ?

ಸಂಪಾದಕರೇ,

ಹಸು, ಹಂದಿ, ಕೋಳಿ ಸಾಕುವವರು ಸಗಣಿ, ಗಂಜಲ, ಹಿಕ್ಕೆ ಹಳ್ಳಕ್ಕೆ ಹರಿಯದಿರಲಿ ಅಂತ ಕಾಂಕ್ರೀಟ್ ತೊಟ್ಟಿ ಕಟ್ಟಿಸಿದರೆ, ಅದನ್ನೂ ಕಟ್ಟಡ ಎಂದು ಲೆಕ್ಕ ಹಾಕಿ ಆಸ್ತಿ ತೆರಿಗೆ ಏರಿಸುವುದು ಸರಿಯಲ್ಲ. ಆ ತೊಟ್ಟಿಯಿಂದ ಒಂದು ಲೋಟ ಹಾಲೂ ಹೆಚ್ಚು ಬರುವುದಿಲ್ಲ. ಲಾಭ ಆಗುವುದು ಕೆಳಗಡೆ ಬಾವಿ ನೀರು ಕುಡಿಯುವವರಿಗೆ. ಸಗಣಿಯ ಸಾರಜನಕ ನೆಲಕ್ಕಿಳಿದು ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ, ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 50 ಮಿಲಿಗ್ರಾಂ ದಾಟಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ದಾಟಿದರೆ ಮೊದಲು ಅಪಾಯ ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು ಕುಡಿಯುವ ಹಸುಗೂಸುಗಳಿಗೆ. ಸಗಣಿಯಲ್ಲಿನ ರಂಜಕ ಕೆರೆಗೆ ಹೋದರೆ ಪಾಚಿ ಬೆಳೆಯುತ್ತದೆ.

ಹಾಗಂತ ಇಡೀ ಫಾರ್ಮಿಗೆ ವಿನಾಯಿತಿ ಬೇಡ. ಕೊಟ್ಟಿಗೆಯ ಕೆಳಗೇ ಗುಂಡಿ ಇದ್ದರೆ ಗುಂಡಿಗೆ ಮಾತ್ರ ಕೊಡಿ, ಮೇಲಿನ ಕೊಟ್ಟಿಗೆ ವ್ಯಾಪಾರದ್ದು, ಅಲ್ವಾ? ಬಯೋಗ್ಯಾಸ್ ಘಟಕದ ವಿಷಯ ಸ್ವಲ್ಪ ಕಗ್ಗಂಟು. ಅದು ಭೂಮಿಯನ್ನು ಬಿಸಿ ಮಾಡುವ ಮೀಥೇನ್ ಅನಿಲ ಗಾಳಿಗೆ ಸೇರದಂತೆ ತಡೆಯುತ್ತದೆ, ಗ್ಯಾಸ್ ಮಾರಿದರೆ ಹಣವನ್ನೂ ತರುತ್ತದೆ. ಅಲ್ಲಿ ಭಾಗಶಃ ರಿಯಾಯಿತಿ ಸಾಕು ಅನಿಸುತ್ತದೆ.

ಬಿರುಕು ಬಿಟ್ಟು ಸೋರುವ ತೊಟ್ಟಿ ತೋರಿಸಿ ಸುಮ್ನೆ ವಿನಾಯಿತಿ ಪಡೆಯುವವರೂ ಇರುತ್ತಾರೆ. ಹಾಗಾಗಿ ತಪಾಸಣೆ ಆಗಲಿ, ಸೋರಿದರೆ ರದ್ದು ಮಾಡಲಿ. ಸ್ಥಳೀಯ ಸಂಸ್ಥೆಗೆ ಆದಾಯ ಕಡಿಮೆಯಾಗುತ್ತದೆ, ನಿಜ. ಆದರೆ ಕೆಟ್ಟ ನೀರನ್ನು ಶುದ್ಧ ಮಾಡುವ ಖರ್ಚೂ ಕೊನೆಗೆ ಅದರ ತಲೆಗೇ ಬರುತ್ತದೆ.

– ಒಬ್ಬ ಓದುಗ