ಹೊಸ ಪುಸ್ತಕ, ಭಾನುವಾರದ ಓದು

ಗೆಳೆಯರೇ, ನನ್ನ ಹೊಸ ಕವನ ಸಂಕಲನ ಕೈಗೆ ಬಂತು. ಬೇಕಾದವರು ಇಲ್ಲೇ ಹೆಸರು ಹಾಕಿ.

ಇದರ ಚಿತ್ರಗಳನ್ನು ನೀವು ನೋಡಲೇಬೇಕು. ಸಾಗರದ ಕಡೆಯ ಅಕ್ಕ ಒಬ್ಬರು ಆರು ಕವಿತೆಗಳಿಗೆ ಹಸೆ ಚಿತ್ತಾರ (ನಮ್ಮ ಮಲೆನಾಡಿನ ಗೋಡೆ ಚಿತ್ರಕಲೆ) ಬರೆದುಕೊಟ್ಟಿದ್ದಾರೆ. ಕೆಮ್ಮಣ್ಣಿನ ಕೆಂಪು, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವೂ ಪುಂಡಿ ನಾರಿನದೇ. ಅವರ ಗೆರೆ ನೋಡಿದ ಮೇಲೆ ಎರಡು ಕವಿತೆಗಳನ್ನು ಮತ್ತೆ ತಿದ್ದಿದೆ. ಮುಖಪುಟದಲ್ಲಿ ಅವರ ಹೆಸರು ನನ್ನ ಹೆಸರಿನ ಪಕ್ಕದಲ್ಲೇ ಇದೆ. ಅದೇ ನ್ಯಾಯ ಅಲ್ವಾ?

ಭಾನುವಾರ ಬೆಳಿಗ್ಗೆ 10ಕ್ಕೆ ಕುಪ್ಪಳಿಯ ಕವಿಶೈಲದಲ್ಲಿ ಓದು. ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಹೆಸರು ಕೆತ್ತಿದ ಬಂಡೆಯ ಹತ್ತಿರ ಕೂರೋಣ. ಕುವೆಂಪು ಸಮಾಧಿಯೂ ಅಲ್ಲೇ ಇದೆ, ಹಾಗಾಗಿ ಮೈಕು ಬೇಡ. ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಿಂದ 9ಕ್ಕೆ ಹೊರಡುತ್ತೇವೆ. ಮಳೆ ಬಂದರೆ ಇಂಬಳ (ಜಿಗಣೆ) ಜಾಸ್ತಿ, ಉಪ್ಪು ತನ್ನಿ.